ಭೂಮಿಯ ಲೆಕ್ಕದಲ್ಲಿ ಸಾಲಗಾರರಾರು?



ಲೆಕ್ಕದ ಪುಸ್ತಕವೊಂದರಲ್ಲಿ ಪ್ರತಿಯೊಂದು ಸಾಲೂ ಸತ್ಯವಾಗಿದ್ದು, ಕೊನೆಯಲ್ಲಿ ಹಾಕಿದ ಮೊತ್ತ ಮಾತ್ರ ಅನ್ಯಾಯದ್ದಾಗಿರುವುದು ಸಾಧ್ಯವೇ? ಸಾಧ್ಯವೆಂಬುದನ್ನು ನಮ್ಮ ರೈತರು ಸಾಹುಕಾರರ ಕಿರ್ದಿ ಖತಾವಣಿಗಳಿಂದ ತಲೆತಲಾಂತರವಾಗಿ ಕಲಿತಿದ್ದಾರೆ. ಕೊಟ್ಟದ್ದೂ ನಿಜ, ಪಡೆದದ್ದೂ ನಿಜ, ಹೆಬ್ಬೆಟ್ಟಿನ ಗುರುತೂ ನಿಜ. ಆದರೆ ಯಾವುದನ್ನು ಅಸಲೆಂದು ಬರೆಯತಕ್ಕದ್ದು, ಯಾವುದನ್ನು ಬಡ್ಡಿಯೆಂದು ಬರೆಯತಕ್ಕದ್ದು, ಯಾರ ಹೊಲವನ್ನು ಯಾರ ಖಾತೆಗೆ ಹಚ್ಚತಕ್ಕದ್ದು ಎಂಬುದನ್ನು ತೀರ್ಮಾನಿಸುವವನು ಲೇಖನಿ ಹಿಡಿದವನೇ. ಇಂದು ಅಂಥದೇ ಒಂದು ಪುಸ್ತಕವನ್ನು ಇಡೀ ಭೂಮಂಡಲದ ಹೆಸರಿನಲ್ಲಿ ತೆರೆಯಲಾಗಿದೆ. ಅದರಲ್ಲಿ ಭಾರತದ ಹೆಸರಿನ ಮುಂದೆ ‘ಸಾಲಗಾರ’ ಎಂಬ ಪದವನ್ನು ಬರೆಯಲಾಗಿದೆ. ಈ ಪದವನ್ನು ನಾವು ತಲೆಬಾಗಿಸಿ ಒಪ್ಪಿಕೊಳ್ಳಬೇಕೆ, ಅಥವಾ ಪುಸ್ತಕವನ್ನು ಕೈಗೆ ತೆಗೆದುಕೊಂಡು ಒಮ್ಮೆ ಓದಿ ನೋಡಬೇಕೆ? ಓದಿ ನೋಡಬೇಕೆಂಬುದೇ ಈ ಲೇಖನದ ವಾದ.

ಮೊದಲು ಆ ಪುಸ್ತಕವನ್ನು ಬರೆದವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ರೀಸ್ ಅವರು 1992ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ನಗರದ ಜನರು ತಿನ್ನುವ ಅನ್ನ, ಉಡುವ ಬಟ್ಟೆ, ಸುಡುವ ಇಂಧನ ಇವೆಲ್ಲವನ್ನೂ ಒದಗಿಸಲು ಎಷ್ಟು ನೆಲ ಬೇಕಾಗುತ್ತದೆಯೆಂದು ಲೆಕ್ಕ ಹಾಕಿದರೆ, ಆ ನೆಲವು ನಗರದ ಗಡಿಯೊಳಗಿನ ನೆಲಕ್ಕಿಂತ ಅನೇಕ ಪಟ್ಟು ಹೆಚ್ಚಾಗಿರುತ್ತದೆಯೆಂಬುದು ಅವರ ಪ್ರತಿಪಾದನೆ. ಅವರ ಶಿಷ್ಯ ಮಥಿಸ್ ವಾಕರ್‌ನಾಗೆಲ್ ಅವರು ಇದೇ ವಿಷಯದಲ್ಲಿ ಸಂಶೋಧನೆ ನಡೆಸಿ 1994ರಲ್ಲಿ ಪಿಎಚ್.ಡಿ. ಪಡೆದರು. 1996ರಲ್ಲಿ ಗುರುಶಿಷ್ಯರಿಬ್ಬರೂ ಕೂಡಿ ಬರೆದ ಗ್ರಂಥವು ಈ ‘ಪರಿಸರ ಹೆಜ್ಜೆಗುರುತು’ ಎಂಬ ಮಾತನ್ನು ಲೋಕದಲ್ಲೆಲ್ಲ ಹಬ್ಬಿಸಿತು. 2003ರಲ್ಲಿ ಸ್ಥಾಪಿತವಾದ ‘ಗ್ಲೋಬಲ್ ಫುಟ್‌ಪ್ರಿಂಟ್ ನೆಟ್‌ವರ್ಕ್’ ಎಂಬ ಸಂಸ್ಥೆಯು ಪ್ರತಿಯೊಂದು ರಾಷ್ಟ್ರದ ಹೆಜ್ಜೆಗುರುತನ್ನೂ ಅಳೆಯುವ ಕಾರ್ಯವನ್ನು ಕೈಗೊಂಡಿತು.

ಅಳೆಯುವ ಕ್ರಮ ಸ್ಥೂಲವಾಗಿ ಹೀಗಿದೆ. ಬೇಸಾಯದ ಭೂಮಿ, ಹುಲ್ಲುಗಾವಲು, ಮೀನುಗಾರಿಕೆಯ ಜಲಪ್ರದೇಶ, ಮರಮುಟ್ಟು ಕೊಡುವ ಅರಣ್ಯ, ಕಟ್ಟಡಗಳು ಆಕ್ರಮಿಸಿದ ನೆಲ, ಮತ್ತು ನಾವು ಸುಟ್ಟ ಇಂಧನದ ಇಂಗಾಲಾಮ್ಲವನ್ನು ಹೀರಿಕೊಳ್ಳಲು ಬೇಕಾಗುವ ಅರಣ್ಯ ಎಂದು ಆರು ಬಗೆಯ ಪ್ರದೇಶಗಳು. ಇವುಗಳ ಫಲವತ್ತತೆಯನ್ನು ಸರಿದೂಗಿಸಿ ‘ಜಾಗತಿಕ ಹೆಕ್ಟೇರು’ ಎಂಬ ಒಂದೇ ಮಾನಕ್ಕೆ ಇಳಿಸುತ್ತಾರೆ. ಒಂದು ಕಡೆ ಜನರ ಬಳಕೆ, ಇನ್ನೊಂದು ಕಡೆ ಭೂಮಿಯ ಜೀವಧಾರಣ ಸಾಮರ್ಥ್ಯ. ಎರಡನ್ನೂ ತೂಗಿ ನೋಡುತ್ತಾರೆ. ಒಂದು ವರ್ಷದಲ್ಲಿ ಭೂಮಿ ಪುನಃ ಹುಟ್ಟಿಸಬಲ್ಲಷ್ಟನ್ನು ಮನುಕುಲವು ಮುಗಿಸಿಬಿಡುವ ದಿನವನ್ನು ಗುರುತಿಸಿ ಘೋಷಿಸುತ್ತಾರೆ. 2025ರಲ್ಲಿ ಆ ದಿನವು ಜುಲೈ 24ಕ್ಕೆ ಬಿದ್ದಿತೆಂದು ಹೇಳಿದರು. ಅಂದರೆ ಮನುಷ್ಯರೆಲ್ಲರೂ ಕೂಡಿ 1.8 ಭೂಮಿಗಳಷ್ಟನ್ನು ಬಳಸುತ್ತಿದ್ದಾರೆಂದು ಅರ್ಥ. ಇದು ಎಚ್ಚರಿಕೆಯ ಮಾತು. ಲಘುವಾಗಿ ತಳ್ಳಿಹಾಕತಕ್ಕ ಮಾತಲ್ಲ.

ಇಷ್ಟರವರೆಗೆ ನಮಗೆ ತಕರಾರಿಲ್ಲ. ತಕರಾರು ಹುಟ್ಟುವುದು ಈ ಲೆಕ್ಕವನ್ನು ರಾಷ್ಟ್ರಗಳಿಗೆ ಹಂಚುವಾಗ. ಪ್ರತಿ ದೇಶದ ಬಳಕೆಯನ್ನು ಅದರದೇ ಗಡಿಯೊಳಗಿನ ಸಾಮರ್ಥ್ಯದೊಡನೆ ಹೋಲಿಸಿ, ಬಳಕೆ ಹೆಚ್ಚಾದ ದೇಶವನ್ನು ಪರಿಸರದ ಸಾಲಗಾರನೆಂದೂ, ಕಡಿಮೆಯಾದ ದೇಶವನ್ನು ಸಾಲಕೊಟ್ಟ ಧನಿಯೆಂದೂ ಹೆಸರಿಸುತ್ತಾರೆ. ಈಗ ವಾಚಕರು ಅಂಕೆಗಳನ್ನು ಗಮನಿಸಬೇಕು. ಭೂಮಿಯ ಒಟ್ಟು ಸಾಮರ್ಥ್ಯವನ್ನು ಎಲ್ಲ ಮನುಷ್ಯರಿಗೂ ಸಮನಾಗಿ ಹಂಚಿದರೆ ತಲೆಗೆ ಸುಮಾರು ಒಂದೂವರೆ ಜಾಗತಿಕ ಹೆಕ್ಟೇರು ಬರುತ್ತದೆ. ಭಾರತೀಯನ ಸರಾಸರಿ ಬಳಕೆಯು ಒಂದು ಹೆಕ್ಟೇರಿಗಿಂತ ತುಸು ಹೆಚ್ಚು. ಎಂದರೆ ಅವನ ನ್ಯಾಯವಾದ ಪಾಲಿಗಿಂತ ಕಡಿಮೆ. ಅಮೆರಿಕದ ಪ್ರಜೆಯ ಬಳಕೆಯು ಸುಮಾರು ಎಂಟು ಹೆಕ್ಟೇರು. ಕೆನಡಾದವನದೂ ಅದರ ಆಸುಪಾಸಿನಲ್ಲಿಯೇ ಇದೆ. ಆದರೂ ಪುಸ್ತಕದಲ್ಲಿ ಕೆನಡಾ ಧನಿ, ಭಾರತ ಸಾಲಗಾರ! ಕಾರಣವೇನು? ಕೆನಡಾದ ವಿಸ್ತಾರವಾದ ಅರಣ್ಯಗಳನ್ನು ಅಲ್ಲಿನ ಕಡಿಮೆ ಜನರಿಗೆ ಹಂಚಿದಾಗ ತಲೆಗೆ ಹತ್ತಕ್ಕೂ ಬಹಳ ಮೇಲ್ಪಟ್ಟ ಹೆಕ್ಟೇರು ಬರುತ್ತದೆ. ಲೋಕದ ಆರನೆಯ ಒಂದು ಪಾಲಿಗಿಂತ ಹೆಚ್ಚು ಜನರು ಲೋಕದ ನೆಲದ ನೂರಕ್ಕೆ ಎರಡೂವರೆಗಿಂತ ಕಡಿಮೆ ಭಾಗದಲ್ಲಿ ಬಾಳುತ್ತಿರುವ ಭಾರತದಲ್ಲಿ ತಲೆಗೆ ಅರ್ಧ ಹೆಕ್ಟೇರೂ ಬರುವುದಿಲ್ಲ.

ಯೋಚಿಸಿ ನೋಡಿ. ನೂರು ಎಕರೆಯ ಜಹಗೀರುದಾರನು ಐವತ್ತು ಜನರ ಊಟವನ್ನು ಒಬ್ಬನೇ ಹಾಳುಮಾಡುತ್ತಾನೆ. ಆದರೂ ಅವನ ಹೊಲದಲ್ಲಿ ಇನ್ನೂ ಬೆಳೆ ಮಿಗುವುದರಿಂದ ಅವನು ಊರಿಗೆ ಉಪಕಾರಿ. ಅರ್ಧ ಎಕರೆಯಲ್ಲಿ ಎಂಟು ಮಕ್ಕಳನ್ನು ಸಾಕುವವನು ಮುದ್ದೆಗೆ ಸಾಲದೆ ಸಂತೆಯಿಂದ ಒಂದು ಸೇರು ರಾಗಿ ತಂದರೆ ಅವನು ಊರಿನ ಸಾಲಗಾರ. ಇಂಥ ತೀರ್ಪನ್ನು ಯಾವ ಪಂಚಾಯತಿಯಾದರೂ ಕೊಟ್ಟೀತೆ? ದುಂದು ಮಾಡಿದವನಾರು ಎಂಬ ಪ್ರಶ್ನೆಯನ್ನು ಬಿಟ್ಟು, ನೆಲ ಯಾರದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತು. ಅದರಲ್ಲಿಯೂ ಹೆಜ್ಜೆಗುರುತಿನ ಅರ್ಧಕ್ಕಿಂತ ದೊಡ್ಡ ಪಾಲು ಇಂಗಾಲದ್ದು. ಹೊಗೆಗೆ ಗಡಿಯುಂಟೆ? ಒಂದು ದೇಶದ ಚಿಮಣಿಯಿಂದ ಎದ್ದದ್ದು ಎಲ್ಲ ದೇಶಗಳ ಆಕಾಶವನ್ನೂ ತುಂಬುತ್ತದೆ. ಆಕಾಶವು ಮನುಕುಲದ ಸಾಮಾನ್ಯ ಸ್ವತ್ತಾಗಿರುವಾಗ, ಅದರ ಮೇಲಿನ ಹೊರೆಯನ್ನು ಅವರವರ ಅರಣ್ಯದ ಎಕರೆಗಳಿಂದ ಅಳೆಯುವುದು ಯಾವ ನ್ಯಾಯ?

ಇದು ಬಡದೇಶದವರ ಅಸೂಯೆಯ ಮಾತೆಂದು ಯಾರಾದರೂ ಹೇಳುವುದಾದರೆ, ಅವರು ಹಾಲೆಂಡಿನ ಅರ್ಥಶಾಸ್ತ್ರಜ್ಞರಾದ ಯೆರೂನ್ ವಾನ್ ಡೆನ್ ಬರ್ಗ್ ಮತ್ತು ಹಾರ್ಮೆನ್ ವರ್ಬ್ರುಗ್ಗೆನ್ ಅವರು 1999ರಲ್ಲಿ ಬರೆದ ವಿಮರ್ಶೆಯನ್ನು ನೋಡಬಹುದು. ರಾಷ್ಟ್ರದ ಗಡಿಗಳು ಚರಿತ್ರೆಯ ಹಾಗೂ ರಾಜಕಾರಣದ ಸೃಷ್ಟಿ, ಪ್ರಕೃತಿಯ ದೃಷ್ಟಿಯಿಂದ ಅವಕ್ಕೆ ಅರ್ಥವಿಲ್ಲವೆಂದು ಅವರು ಅಂದೇ ಎತ್ತಿ ತೋರಿಸಿದರು. ಫ್ರಾನ್ಸಿನ ಅಧ್ಯಕ್ಷರು ನೇಮಿಸಿದ, ಜೋಸೆಫ್ ಸ್ಟಿಗ್ಲಿಟ್ಸ್, ಅಮರ್ತ್ಯ ಸೇನ್ ಮತ್ತು ಜಾನ್ ಪಾಲ್ ಫಿತೂಸಿ ಅವರ ಆಯೋಗವು 2009ರ ತನ್ನ ವರದಿಯಲ್ಲಿ ಈ ಮಾನವನ್ನು ಎಚ್ಚರಿಕೆಯಿಂದ ನೋಡಬೇಕೆಂದು ಸೂಚಿಸಿತು. ಜನನಿಬಿಡ ದೇಶದ ಕೊರತೆಯನ್ನು ಅದರ ಅವಿವೇಕದ ಗುರುತೆಂದು ಓದಲಾಗದೆಂದೂ ಹೇಳಿತು.

ಇಂಥ ಲೆಕ್ಕ ನಮಗೆ ಹೊಸದೂ ಅಲ್ಲ. ಅಮೆರಿಕದ ‘ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್’ ಎಂಬ ಸಂಸ್ಥೆಯು 1990ರಲ್ಲಿ ಹೊರತಂದ ವರದಿಯು ಭೂಮಿಯ ತಾಪಕ್ಕೆ ಕಾರಣವಾದ ಮೊದಲ ಐದು ದೇಶಗಳ ಸಾಲಿನಲ್ಲಿ ಭಾರತ, ಚೀನಾ, ಬ್ರಜಿಲ್‌ಗಳನ್ನೂ ನಿಲ್ಲಿಸಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿ ಅದೇ ಅಂಕೆಗಳನ್ನು ತೆಗೆದುಕೊಂಡು ಮರಳಿ ಲೆಕ್ಕ ಹಾಕಿದರು. ಸಾಗರಗಳೂ ಅರಣ್ಯಗಳೂ ಹೀರಿಕೊಳ್ಳುವ ಹೊಗೆಯ ಪ್ರಮಾಣವನ್ನು ಆ ವರದಿಯು, ಯಾರು ಎಷ್ಟು ಹೊಗೆ ಬಿಟ್ಟರೋ ಅಷ್ಟರ ಅನುಪಾತದಲ್ಲಿ ಹಂಚಿತ್ತು. ಹೆಚ್ಚು ಹೊಲಸು ಮಾಡಿದವನಿಗೆ ಹೆಚ್ಚು ರಿಯಾಯಿತಿ! ಅದನ್ನೇ ಜನಸಂಖ್ಯೆಯ ಅನುಪಾತದಲ್ಲಿ ಹಂಚಿದಾಗ ಭಾರತವು ಅಪರಾಧಿಗಳ ಪಟ್ಟಿಯಿಂದ ಹೊರಗೆ ಬಂದಿತು. ಅಂಕೆಗಳು ಬದಲಾಗಲಿಲ್ಲ, ಹಂಚುವ ಕೈ ಬದಲಾಯಿತು. ಅಳತೆಯಲ್ಲಿ ನೀತಿಯು ಎಲ್ಲಿ ಅಡಗಿ ಕುಳಿತಿರುತ್ತದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯ ತಕರಾರು ಇದಕ್ಕಿಂತ ಆಳವಾದುದು. ಈ ಪುಸ್ತಕದ ಕಣ್ಣಿಗೆ ಮಣ್ಣು ಕಾಣುವುದಿಲ್ಲ. ಬೇಸಾಯದ ಭೂಮಿಯ ವಿಷಯದಲ್ಲಿ ಬಳಕೆಯನ್ನೂ ಸಾಮರ್ಥ್ಯವನ್ನೂ ಅಳೆಯುವುದು ಒಂದೇ ಇಳುವರಿಯಿಂದ. ಹೀಗಾಗಿ ಲೋಕದ ಒಟ್ಟು ಲೆಕ್ಕದಲ್ಲಿ ಬೇಸಾಯದ ಭೂಮಿಗೆ ಕೊರತೆಯೆಂಬುದು ಬರುವಂತೆಯೇ ಇಲ್ಲ. ರೈತನು ಸಾವಿರ ಅಡಿ ಆಳದ ಕೊಳವೆಬಾವಿಯಿಂದ ನೀರೆತ್ತಿ, ಗೊಬ್ಬರ ಸುರಿದು, ಎರಡು ಪಾಲು ಬೆಳೆದನೆನ್ನಿ. ಪುಸ್ತಕವು ಅವನ ಭೂಮಿಯ ಸಾಮರ್ಥ್ಯವು ಹೆಚ್ಚಿತೆಂದು ಬರೆದುಕೊಳ್ಳುತ್ತದೆ. ಅಂತರ್ಜಲವು ಪಾತಾಳಕ್ಕೆ ಇಳಿದದ್ದನ್ನೂ, ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿಹೋದದ್ದನ್ನೂ, ನೆಲ ಸವುಳಾದದ್ದನ್ನೂ ಬರೆದುಕೊಳ್ಳಲು ಅದರಲ್ಲಿ ಅಂಕಣವೇ ಇಲ್ಲ. ಕೋಲಾರದ ಬಯಲಿನಲ್ಲಿ ಒಣಗಿದ ಕೊಳವೆಬಾವಿಗಳ ಸಾಲನ್ನು ನೋಡಿದವರಿಗೆ, ತುಂಗಭದ್ರೆಯ ಕಾಲುವೆಯ ಕೊನೆಯಲ್ಲಿ ಬಿಳಿಯ ಉಪ್ಪು ಕಟ್ಟಿದ ಗದ್ದೆಯನ್ನು ನೋಡಿದವರಿಗೆ, ನಮ್ಮ ನಾಡಿನ ನಿಜವಾದ ಸಾಲ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ಬಾರದ ಸಾಲವನ್ನು ನಮ್ಮ ತಲೆಗೆ ಕಟ್ಟಿ, ಇರುವ ಸಾಲವನ್ನು ಮರೆಸಿಬಿಡುವ ಲೆಕ್ಕವು ನಮಗೆ ಎರಡು ಬಗೆಯ ಅಪಕಾರವನ್ನು ಮಾಡುತ್ತದೆ.

ಲೈನಸ್ ಬ್ಲಾಮ್‌ಕ್ವಿಸ್ಟ್ ಮತ್ತು ಸಂಗಡಿಗರು 2013ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಇದನ್ನೇ ಬಿಡಿಸಿ ತೋರಿಸಿದರು: ಲೋಕದ ಒಟ್ಟು ಮಿತಿಮೀರಿಕೆಯೆಲ್ಲವೂ ಇಂಗಾಲದ ಅಂಕಣದಿಂದಲೇ ಬರುತ್ತದೆ, ಉಳಿದ ಐದು ಅಂಕಣಗಳು ಕೂಡಿ ಸರಿಸಮವಾಗಿಯೋ ಉಳಿತಾಯದಲ್ಲಿಯೋ ಇವೆ. ರೀಸ್ ಮತ್ತು ವಾಕರ್‌ನಾಗೆಲ್ ಅವರು ಅದಕ್ಕೆ ಉತ್ತರ ಕೊಟ್ಟರು. ತಮ್ಮ ಮಾನವು ಬಿಟ್ಟದ್ದು ಬಹಳವಿದೆ, ನಿಜವಾದ ಹೊರೆ ಇದಕ್ಕಿಂತಲೂ ಹೆಚ್ಚು ಎಂಬುದು ಆ ಉತ್ತರದ ಸಾರ. ಉತ್ತರ ಪ್ರಾಮಾಣಿಕವಾದುದು. ಆದರೆ ಹಾಗಿದ್ದ ಪಕ್ಷದಲ್ಲಿ ಒಂದೇ ಸಂಖ್ಯೆಯನ್ನು ಹಿಡಿದು ಲೋಕಕ್ಕೆಲ್ಲ ಸಾರುವುದೇಕೆ? ವೈದ್ಯನು ಜ್ವರ, ರಕ್ತದ ಒತ್ತಡ, ಸಕ್ಕರೆಯ ಅಂಶ ಮೂರನ್ನೂ ಕೂಡಿಸಿ ಒಂದು ಅಂಕೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ರೋಗಿಯು ಯಾವ ಔಷಧವನ್ನು ಸೇವಿಸಬೇಕು?

ಇನ್ನು ಪರಿಸರವನ್ನು ಹಣದ ಲೆಕ್ಕಕ್ಕೆ ಇಳಿಸುವ ಅರ್ಥಶಾಸ್ತ್ರಜ್ಞರ ವಿಚಾರ. ರಾಬರ್ಟ್ ಕಾಸ್ಟಾಂಜಾ ಮತ್ತು ಸಂಗಡಿಗರು 1997ರಲ್ಲಿ ಪ್ರಕೃತಿಯು ಮಾಡುವ ಸೇವೆಯ ಬೆಲೆಯನ್ನು ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಕಟ್ಟಿದರು. ಉದ್ದೇಶ ಒಳ್ಳೆಯದು, ಬೆಲೆಯಿಲ್ಲದ ವಸ್ತುವನ್ನು ಸರ್ಕಾರಗಳು ಕಸದಂತೆ ಕಾಣುತ್ತವೆಯೆಂಬ ವ್ಯಥೆಯಿಂದ ಹುಟ್ಟಿದ ಪ್ರಯತ್ನವದು. ಆದರೆ ಬೆಲೆ ಕಟ್ಟುವ ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಅರಿಯದೆ ಹೋದರೆ ಏನಾಗುತ್ತದೆಯೆಂಬುದನ್ನು 1995ರಲ್ಲಿ ಲೋಕವು ಕಂಡಿತು. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಸಮಿತಿಗಾಗಿ ಅರ್ಥಶಾಸ್ತ್ರಜ್ಞರು ಸಿದ್ಧಪಡಿಸಿದ ಅಧ್ಯಾಯದಲ್ಲಿ, ತಾಪದಿಂದ ಸಾಯುವವರ ಪ್ರಾಣಕ್ಕೂ ಬೆಲೆ ಕಟ್ಟಲಾಗಿತ್ತು. ಧನಿಕ ದೇಶದವನ ಒಂದು ಪ್ರಾಣಕ್ಕೆ 15 ಲಕ್ಷ ಡಾಲರ್. ಬಡದೇಶದವನ ಪ್ರಾಣಕ್ಕೆ ಒಂದೂವರೆ ಲಕ್ಷ! ಭಾರತವೂ ಇತರ ದೇಶಗಳೂ ಇದನ್ನು ಕಟುವಾಗಿ ಪ್ರತಿಭಟಿಸಿದವು. ವರದಿಯ ಸಾರಾಂಶವು ಆ ಬೆಲೆಗಳಿಂದ ದೂರ ಸರಿಯಿತು. ಹತ್ತು ಬಡವರು ಸತ್ತರೆ ಒಬ್ಬ ಧನಿಕ ಸತ್ತಂತೆ ಎಂದು ಬರೆದವರು ಕ್ರೂರಿಗಳಲ್ಲ, ವಿದ್ವಾಂಸರು. ತಮ್ಮ ಶಾಸ್ತ್ರದ ಸೂತ್ರವನ್ನು ಅಕ್ಷರಶಃ ಪಾಲಿಸಿದವರು. ಅದೇ ಭಯಂಕರವಾದ ಸಂಗತಿ.

ಹುಟ್ಟಲಿರುವವರ ವಿಷಯದಲ್ಲಿಯೂ ಇದೇ ಕಥೆ. ಮುಂದೆ ಆಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ಅರ್ಥಶಾಸ್ತ್ರಜ್ಞರು ಒಂದು ವಟಾವಿನ ದರವನ್ನು ಬಳಸುತ್ತಾರೆ. ಬ್ರಿಟನ್ನಿನ ನಿಕೊಲಸ್ ಸ್ಟರ್ನ್ ಅವರು 2006ರ ತಮ್ಮ ವರದಿಯಲ್ಲಿ ಬಳಸಿದ ದರ ನೂರಕ್ಕೆ ಸುಮಾರು 1.4. ಮುಂದೆ 2018ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಅವರು ಅದು ತೀರ ಕಡಿಮೆಯೆಂದು ಆಕ್ಷೇಪಿಸಿ, ಮಾರುಕಟ್ಟೆಯ ಲಾಭದ ಮಟ್ಟಕ್ಕೆ ಹೊಂದುವ ಹೆಚ್ಚಿನ ದರವನ್ನು ಸಮರ್ಥಿಸಿದರು. ದರದ ಈ ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ನೀವೇ ಲೆಕ್ಕ ಹಾಕಿ ನೋಡಿ: ನೂರು ವರ್ಷಗಳ ಅನಂತರ ಒಂದು ಕೋಟಿ ರೂಪಾಯಿಯ ನಷ್ಟವಾಗುವುದಿದ್ದರೆ, 1.4ರ ದರದಲ್ಲಿ ಅದರ ಇಂದಿನ ಬೆಲೆ ಸುಮಾರು 25 ಲಕ್ಷ ರೂಪಾಯಿ. 5ರ ದರದಲ್ಲಿ ಕೇವಲ 76 ಸಾವಿರ ರೂಪಾಯಿ. ನಿಮ್ಮ ಮೊಮ್ಮಗನ ಮಗನ ಹೊಲವು ಮುಳುಗುವುದೋ ಉಳಿಯುವುದೋ ಎಂಬುದು ಒಂದು ದಶಾಂಶ ಬಿಂದುವಿನ ಜಾಗದಲ್ಲಿ ತೀರ್ಮಾನವಾಗುತ್ತದೆ. ಮುಂದಿನವರ ಸುಖವನ್ನು ಅವರು ಮುಂದಿನವರೆಂಬ ಒಂದೇ ಕಾರಣಕ್ಕೆ ಕಡಿಮೆಯೆಂದು ಎಣಿಸುವುದು ನೀತಿಗೆ ವಿರುದ್ಧವೆಂದು ಕೇಂಬ್ರಿಜ್ಜಿನ ಫ್ರಾಂಕ್ ರಾಮ್‌ಸೇ 1928ರಷ್ಟು ಹಿಂದೆಯೇ ಹೇಳಿದ್ದರು. ತಮ್ಮ ಶಾಸ್ತ್ರದ ಹಿರಿಯನ ಆ ಮಾತನ್ನು ಗಟ್ಟಿಯಾಗಿ ಹಿಡಿಯಲು ಅನೇಕರು ಇಂದಿಗೂ ಅಂಜುತ್ತಾರೆ.

ಹಾಗಾದರೆ ಅಳತೆಯೇ ಬೇಡವೆ? ಇಲ್ಲಿ ವಾಚಕರು ಎಚ್ಚರದಿಂದಿರಬೇಕು. ಈ ವಿದ್ವಾಂಸರ ಲೆಕ್ಕದಲ್ಲಿ ತಪ್ಪಿದೆಯೆಂಬುದನ್ನು ಕೇಳಿದ ಕೂಡಲೇ, ಭೂಮಿಗೆ ಏನೂ ಆಗಿಲ್ಲ, ಗಣಿ ಅಗೆಯೋಣ, ಕಾಡು ಕಡಿಯೋಣ ಎಂದು ಕುಣಿಯುವ ಜನರಿದ್ದಾರೆ. ತಕ್ಕಡಿ ವಕ್ರವಾಗಿದೆಯೆಂಬುದರಿಂದ ಚೀಲದಲ್ಲಿ ಭಾರವಿಲ್ಲವೆಂದು ಸಿದ್ಧವಾಗುವುದಿಲ್ಲ. ತಕ್ಕಡಿಯನ್ನು ನೇರಮಾಡಿರೆಂದು ಕೇಳುವುದು ನಮ್ಮ ವಾದ. ಚೀಲವನ್ನು ಕದ್ದೊಯ್ಯಲು ಅಪ್ಪಣೆ ಕೊಡುವುದಲ್ಲ.

ನೇರವಾದ ಅಳತೆ ಹೇಗಿರಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿಯಿದೆ. 1970ರ ದಶಕದಲ್ಲಿ ಕರ್ನಾಟಕದ ಮೇದಾರರು, ಬುಟ್ಟಿ ಹೆಣೆಯಲು ಬಿದಿರು ಸಿಗುತ್ತಿಲ್ಲವೆಂದು ಕೂಗಿಟ್ಟಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡಗೀಳ ಮತ್ತು ಸಂಗಡಿಗರು ಕಾಡಿಗೆ ಹೋಗಿ ಮೆಳೆ ಮೆಳೆಯನ್ನೂ ನೋಡಿದರು. ಕಾಗದದ ಕಾರ್ಖಾನೆಗಳಿಗೆ ಟನ್ನಿಗೆ ಒಂದೂವರೆ ರೂಪಾಯಿಯಂಥ ದರದಲ್ಲಿ ಬಿದಿರನ್ನು ಕೊಡಲು ಸರ್ಕಾರವು ಕರಾರು ಮಾಡಿಕೊಂಡಿತ್ತು. ಅದೇ ಬಿದಿರಿಗೆ ಮೇದಾರನು ಪೇಟೆಯಲ್ಲಿ ತೆರಬೇಕಾದ ಬೆಲೆ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು. ಮೆಳೆಯ ಬುಡವನ್ನು ಶುಚಿಮಾಡುವ ನೆಪದಲ್ಲಿ ಮುಳ್ಳಿನ ಹೊದಿಕೆಯನ್ನು ಕಡಿದುಹಾಕುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಯನ್ನು ದನಕರುಗಳ, ಕಾಡುಪ್ರಾಣಿಗಳ ಬಾಯಿಂದ ಕಾಯುತ್ತಿದ್ದ ಕಾವಲುಗಾರ. ಹಳ್ಳಿಗರಿಗೆ ಗೊತ್ತಿದ್ದ ಈ ಸತ್ಯವು ಕಾಗದದ ಮೇಲಿನ ಲೆಕ್ಕಕ್ಕೆ ಗೊತ್ತಿರಲಿಲ್ಲ. ಮೆಳೆಯ ಬಳಿಗೆ ಹೋಗಿ, ಕಳಲೆಯನ್ನು ಎಣಿಸಿ, ಹಳ್ಳಿಗನನ್ನು ಕೇಳಿ, ಬೆಲೆ ಯಾರಿಗೆ ಎಷ್ಟೆಂಬುದನ್ನು ಬಯಲಿಗೆಳೆದ ಈ ಕ್ರಮಕ್ಕೆ ಅಳತೆಯೆಂಬ ಹೆಸರು ಸಲ್ಲುತ್ತದೆ.

ಕೇಂಬ್ರಿಜ್ಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಪಾರ್ಥ ದಾಸ್‌ಗುಪ್ತ ಅವರು ಬ್ರಿಟಿಷ್ ಸರ್ಕಾರದ ಖಜಾನೆಗಾಗಿ 2021ರಲ್ಲಿ ಒಪ್ಪಿಸಿದ ವರದಿಯೂ ಇಲ್ಲಿ ಸ್ಮರಣೀಯವಾದುದು. ವರಮಾನವನ್ನಷ್ಟೇ ಬರೆದುಕೊಂಡು ಆಸ್ತಿಯ ಸವಕಳಿಯನ್ನು ಬರೆಯದೆ ಬಿಡುವ ರಾಷ್ಟ್ರೀಯ ಉತ್ಪನ್ನದ ಲೆಕ್ಕವು ನಮ್ಮನ್ನು ಮೋಸಗೊಳಿಸುತ್ತದೆ. ಮಣ್ಣು, ನೀರು, ಕಾಡುಗಳನ್ನು ಆಸ್ತಿಯೆಂದು ಎಣಿಸಿ ಅವುಗಳ ಏರಿಳಿತವನ್ನು ನೋಡಬೇಕು ಎಂಬುದು ಅವರ ವಾದ. ನಮ್ಮ ಅಂಕಣವಿಲ್ಲದ ಅಂತರ್ಜಲಕ್ಕೆ ಇಂಥ ಲೆಕ್ಕದಲ್ಲಿ ಅಂಕಣ ದೊರೆಯುತ್ತದೆ.

ಕಡೆಯದಾಗಿ ಒಂದು ಮಾತು. ಇದು ನಮಗೇ ಕಹಿಯಾದ ಮಾತು. ಭಾರತೀಯನ ಸರಾಸರಿ ಒಂದು ಹೆಕ್ಟೇರೆಂದು ಹೇಳಿ ಎದೆಯುಬ್ಬಿಸುವವರು ಆ ಸರಾಸರಿಯ ಒಳಗೆ ಯಾರು ಯಾರಿದ್ದಾರೆಂಬುದನ್ನೂ ನೋಡಬೇಕು. ಗಾಡಗೀಳ ಮತ್ತು ರಾಮಚಂದ್ರ ಗುಹಾ ಅವರು 1995ರ ತಮ್ಮ ಗ್ರಂಥದಲ್ಲಿ ನಮ್ಮ ಜನರನ್ನು ಮೂರಾಗಿ ವಿಂಗಡಿಸಿದರು: ಸುತ್ತಲಿನ ಪರಿಸರವನ್ನೇ ನಂಬಿ ಬಾಳುವವರು, ಆ ಆಸರೆ ತಪ್ಪಿ ನೆಲೆಗೆಟ್ಟವರು, ಮತ್ತು ಎಲ್ಲೆಡೆಯಿಂದಲೂ ತರಿಸಿಕೊಂಡು ಉಣ್ಣುವ ಸರ್ವಭಕ್ಷಕರು. ಈ ಪತ್ರಿಕೆಯನ್ನು ಓದುತ್ತಿರುವ ನಮ್ಮಲ್ಲಿ ಬಹುಮಂದಿ, ಕಲಿತು ನೌಕರಿ ಹಿಡಿದು ನಗರ ಸೇರಿದವರು, ಮೂರನೆಯ ಪಂಕ್ತಿಯಲ್ಲಿಯೇ ಕುಳಿತಿದ್ದೇವೆ. ನಾವು ಉಣ್ಣುತ್ತಿರುವುದು ಸರ್ವಭಕ್ಷಕರ ಎಲೆಯಲ್ಲಿ; ಲೆಕ್ಕ ಕೇಳಿದಾಗ ತೋರಿಸುವುದು ಕೂಲಿಯವನ ಎಲೆಯನ್ನು. ಸಮುದ್ರದಾಚೆ ನೆಲಸಿದ ಹಳೆಯ ವಿದ್ಯಾರ್ಥಿಗಳ ಹೆಜ್ಜೆಗುರುತಂತೂ ಎಂಟು ಹೆಕ್ಟೇರಿನ ದೇಶಗಳ ಖಾತೆಗೇ ಸೇರಿದೆ. ದೇಶ ದೇಶಗಳ ನಡುವೆ ನಾವು ಬೇಡುವ ನ್ಯಾಯವನ್ನು ಮನೆಯೊಳಗೆ ಕೊಡಲಾರೆವೆಂದರೆ ನಮ್ಮ ತಕರಾರಿಗೆ ಬೆಲೆಯಿರುವುದಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ನಿವೇದನೆಯಿಷ್ಟು. ನಿಮ್ಮಲ್ಲಿ ಅಧ್ಯಾಪಕರಿದ್ದೀರಿ, ಅಧಿಕಾರಿಗಳಿದ್ದೀರಿ, ಎಂಜಿನಿಯರರಿದ್ದೀರಿ. ಭೂಮಿಯ ಲೆಕ್ಕವೆಂದು ಯಾರಾದರೂ ಒಂದು ಸಂಖ್ಯೆಯನ್ನು ನಿಮ್ಮ ಮುಂದೆ ಇಟ್ಟಾಗ ಮೂರು ಪ್ರಶ್ನೆಗಳನ್ನು ಕೇಳದೆ ಅದಕ್ಕೆ ಸಹಿ ಹಾಕಬೇಡಿ. ಇದನ್ನು ಹಂಚಿದ್ದು ಯಾವ ನ್ಯಾಯದ ಮೇಲೆ, ಗಡಿಯ ಮೇಲೋ ತಲೆಯ ಮೇಲೋ? ಇದರಲ್ಲಿ ಬರೆಯದೆ ಬಿಟ್ಟದ್ದೇನು, ಮಣ್ಣೋ ನೀರೋ ಹುಟ್ಟಲಿರುವ ಮಗುವೋ? ಈ ಸರಾಸರಿಯ ನೆರಳಿನಲ್ಲಿ ಅಡಗಿ ಕುಳಿತವರಾರು? ವಿದ್ವಾಂಸರೂ ತಮ್ಮ ಪುಸ್ತಕದಿಂದ ‘ಸಾಲಗಾರ’ ಎಂಬ ಪದವನ್ನು ತೆಗೆದು, ತಲೆಗೆ ಬಿದ್ದ ಬಳಕೆಯನ್ನು ಭೂಮಿಯ ಸಮಪಾಲಿನೊಡನೆ ಹೋಲಿಸಿ ಪ್ರಕಟಿಸಲಿ. ಮಣ್ಣಿಗೂ ನೀರಿಗೂ ಬೇರೆ ಬೇರೆ ಅಂಕಣಗಳನ್ನು ತೆರೆಯಲಿ. ಪ್ರಾಣಕ್ಕೆ ಬೆಲೆ ಕಟ್ಟುವ ಅಂಗಡಿಯನ್ನು ಮುಚ್ಚಲಿ. ಇಷ್ಟಾದ ಮೇಲೆ ನಮ್ಮ ಪಾಲಿಗೆ ಎಷ್ಟು ಸಾಲ ಬರುತ್ತದೆಯೋ ಅಷ್ಟನ್ನು ತೀರಿಸಲು ನಾವೂ ಸಿದ್ಧರಿರೋಣ.